ಒಂದು ಕದ ಸಿಪ್ಪೆ ಎದ್ದಿತು, ಇನ್ನೊಂದು ಏಳಲಿಲ್ಲ: ಹೊರಗಿನ ಮರದ ಕ್ಲಿಯರ್ ಪಾಲಿಶ್ ಕೆಟ್ಟಾಗ ಕಾರಣ ಹುಡುಕುವ ಬಗೆ

ನಮ್ಮ ಮನೆಯ ಮುಂಬಾಗಿಲಿಗೆ ಎರಡು ಕದ. ತೇಗದ್ದು, ಪಡುವಣಕ್ಕೆ ಮುಖ. ಮಡಿಕೇರಿಯಿಂದ ಸ್ವಲ್ಪ ಇಳಿದು ಬಂದರೆ ತೋಟದ ನಡುವೆ ಮನೆ. ಎರಡೂ ಕದಕ್ಕೆ ಒಂದೇ ದಿನ, ಒಂದೇ ಡಬ್ಬದಿಂದ, ಒಂದೇ ಬ್ರಷ್ಷಿನಲ್ಲಿ ಕ್ಲಿಯರ್ ವಾರ್ನಿಶ್ ಹೊಡೆದಿದ್ದೆ. ಒಂದು ಮಳೆಗಾಲ ಕಳೆದು, ಸೆಪ್ಟೆಂಬರ್ ಮೊದಲಿಗೆ ಬರುವ ಕೈಲ್ ಮುಹೂರ್ತ ಹಬ್ಬದ ಹೊತ್ತಿಗೆ ಮೋಡ ಸರಿದು ಬಿಸಿಲು ಬಂತು. ನೋಡಿದರೆ ಬಲಗಡೆಯ ಕದದ ಪಾಲಿಶ್ ಈರುಳ್ಳಿ ಸಿಪ್ಪೆಯ ಹಾಗೆ ಎದ್ದು ನಿಂತಿದೆ. ಎಡಗಡೆಯದು ಏನೂ ಆಗದ ಹಾಗೆ ಹೊಳೆಯುತ್ತಿದೆ.

ಮೊದಲು ಸಿಟ್ಟು ಬಂದಿದ್ದು ಪೇಂಟ್ ಅಂಗಡಿಯವರ ಮೇಲೆ. ಡಬ್ಬ ಹಿಡಿದು ಹೊರಟೂ ಆಗಿತ್ತು. ಗೇಟಿನ ಹತ್ತಿರ ನಿಂತು ಯೋಚನೆ ಮಾಡಿದೆ. ಡಬ್ಬದ ಮಾಲೇ ಕೆಟ್ಟಿದ್ದರೆ ಎರಡೂ ಕದ ಹೋಗಬೇಕಿತ್ತು, ಅಲ್ವಾ? ಮಳೆ ಕಾರಣ ಅಂದರೆ ಎರಡಕ್ಕೂ ಬಿದ್ದಿದ್ದು ಅದೇ ಮಳೆ. ಹಾಗಾದರೆ ಬೇರೆ ಏನು?

ಬೇರೆ ಇದ್ದದ್ದು ಒಂದೇ ಸಂಗತಿ. ಬಲಗಡೆಯ ಕದ ಮೊದಲು ತಯಾರಾಗಿತ್ತು. ಎಡಗಡೆಯದು ಮುಗಿಯುವ ಮುಂಚೆ ಆಚಾರಿ ಬೇರೆ ಕೆಲಸಕ್ಕೆ ಹೋಗಿ ಕೂತರು. ಅವರು ಬರುವ ತನಕ ಬಲಗಡೆಯ ಕದವನ್ನು ಕಾಫಿ ಕಣದ ಅಂಚಿಗೆ ಒರಗಿಸಿಟ್ಟೆ. ಆರು ವಾರ. ಫೆಬ್ರವರಿ, ಮಾರ್ಚ್ ಬಿಸಿಲು. ಕಾಫಿ ಒಣಗುವ ಹಾಗೆ ಇದೂ ಚೆನ್ನಾಗಿ ಒಣಗಲಿ ಎಂದು ನನ್ನ ಲೆಕ್ಕ. ಎಡಗಡೆಯ ಕದ ಮಾತ್ರ ಕೀಸುಳಿ ಹೊಡೆದ ಮಾರನೇ ದಿನವೇ ವಾರ್ನಿಶ್ ಕಂಡಿತು. ಬಲಗಡೆಯದಕ್ಕೆ ಬಳಿಯುವ ಮುಂಚೆ ಸುಮ್ನೆ ಬಟ್ಟೆಯಲ್ಲಿ ಧೂಳು ಒರೆಸಿದ್ದೆ ಅಷ್ಟೇ.

ಡಬ್ಬ ವಾಪಸ್ ಇಟ್ಟೆ. ಆಮೇಲಿನ ವರ್ಷಗಳಲ್ಲಿ ಹೋಂಸ್ಟೇಗಳ ಬಾಗಿಲು, ರೇಲಿಂಗ್, ಡೆಕ್ ಅಂತ ನೂರೆಂಟು ಕಡೆ ಹೋಗಿ ನೋಡಿದ್ದೇನೆ. ಎಲ್ಲರ ದೂರೂ ಒಂದೇ: ‘ವಾರ್ನಿಶ್ ಸರಿ ಇಲ್ಲ’. ನಿಜವಾಗಿ ವಾರ್ನಿಶ್ ಸರಿ ಇಲ್ಲದ್ದು ಕಡಿಮೆ. ಹೆಚ್ಚಿನ ಸಲ ಸತ್ತಿರುವುದು ವಾರ್ನಿಶ್ ಹಿಡಿದುಕೊಂಡಿದ್ದ ಮರದ ಮೇಲ್ಪದರ.

ಒಂದು ಕೂದಲಿನ ದಪ್ಪ

ಮರ ಅಂದರೆ ನಾರು, ನಾರುಗಳನ್ನು ಹಿಡಿದಿಡುವ ಅಂಟು. ಆ ಅಂಟಿನ ಹೆಸರು ಲಿಗ್ನಿನ್. ಮರದ ತೂಕದಲ್ಲಿ ಹತ್ತಿರ ಹತ್ತಿರ ಕಾಲು ಭಾಗ ಅದೇ. ಬಿಸಿಲಿನ ಅಲ್ಟ್ರಾವಯಲೆಟ್ ಕಿರಣವನ್ನು ಮರದಲ್ಲಿ ಅತಿ ಜಾಸ್ತಿ ಹೀರುವುದೂ ಅದೇ. ಹೀರಿ ಹೀರಿ ಮುರಿಯುತ್ತದೆ. ಮುರಿದ ಲಿಗ್ನಿನ್ ಮೊದಲು ಹಳದಿ, ಆಮೇಲೆ ಕಂದು. ಮಳೆ ಬಂದರೆ ತೊಳೆದು ಹೋಗುತ್ತದೆ. ಉಳಿಯುವುದು ಬಿಳಿಚಿದ ನಾರು. ಅದರ ಮೇಲೆ ಬೂಷ್ಟು ಕೂತರೆ ಬೂದು ಬಣ್ಣ. ಹಳೇ ಬೇಲಿ ಗೂಟ ಬೂದಿ ಬಣ್ಣಕ್ಕೆ ಬರುವುದು ಹೀಗೆ.

ಈ ಕಿರಣ ಮರದೊಳಗೆ ಇಳಿಯುವುದು ಸುಮಾರು 75 ಮೈಕ್ರಾನ್, ಅಂದರೆ ಒಂದು ತಲೆಕೂದಲಿನ ದಪ್ಪ. ಕಣ್ಣಿಗೆ ಕಾಣುವ ಬೆಳಕು 200 ಮೈಕ್ರಾನ್ ತನಕ ಹೋಗುತ್ತದೆ. ಅಷ್ಟೇನಾ ಅನ್ನಿಸಬಹುದು. ಆದರೆ ವಾರ್ನಿಶ್ ಹಿಡಿದು ನಿಲ್ಲುವುದೂ ಅಷ್ಟೇ ದಪ್ಪದ ಪದರದಲ್ಲಿ. ಗೋಡೆಯ ಸುಣ್ಣ ಪುಡಿಯಾಗಿದ್ದರೆ ಅದರ ಮೇಲೆ ಎಂಥ ಪೇಂಟ್ ಹೊಡೆದರೂ ಹಾಳೆ ಹಾಳೆಯಾಗಿ ಬರುತ್ತದಲ್ಲ, ಇದೂ ಹಾಗೇ.

ನನ್ನ ಬಲಗದದಲ್ಲಿ ಆದದ್ದು ಇದೇ. ಪಾಲಿಶ್ ಇಲ್ಲದೆ ಒಂದೆರಡು ವಾರ ಬಿಸಿಲಿಗೆ ಇಟ್ಟರೂ ಹಿಡಿತ ಕಡಿಮೆಯಾಗುತ್ತದೆ, ನಾನು ಆರು ವಾರ ಇಟ್ಟಿದ್ದೆ. ಬರಿಗಣ್ಣಿಗೆ ಮರ ಸ್ವಲ್ಪ ಬಣ್ಣ ತಿರುಗಿದ ಹಾಗೆ ಕಾಣುತ್ತಿತ್ತು, ಬೇರೇನೂ ಇಲ್ಲ.

ಕ್ಲಿಯರ್ ಪಾಲಿಶ್‌ನ ಮೂಲ ತೊಂದರೆಯೂ ಇಲ್ಲೇ ಇದೆ. ಬಣ್ಣದ ಪೇಂಟ್ ಬೆಳಕನ್ನು ತಡೆಯುತ್ತದೆ. ಕ್ಲಿಯರ್ ಪಾಲಿಶ್ ಮರದ ಅಂದ ಕಾಣಲಿ ಎಂದು ಬೆಳಕನ್ನು ಒಳಗೆ ಬಿಡುತ್ತದೆ. ಕಾಣಬೇಕು ಅಂದರೆ ಬೆಳಕು ಹೋಗಲೇಬೇಕು. ಹೋದ ಬೆಳಕು ಕೆಳಗಿನ ಲಿಗ್ನಿನ್ ತಿನ್ನುತ್ತದೆ. ನಮ್ಮ ಎತ್ತರವೂ ಸ್ವಲ್ಪ ಸೇರಿಕೊಳ್ಳುತ್ತದೆ. ಮಡಿಕೇರಿ ಸಮುದ್ರ ಮಟ್ಟದಿಂದ ಸುಮಾರು 1,150 ಮೀಟರ್ ಮೇಲಿದೆ. ಸಾವಿರ ಮೀಟರ್ ಏರಿದರೆ ಅಲ್ಟ್ರಾವಯಲೆಟ್ ಶೇ. 10ರಷ್ಟು ಜಾಸ್ತಿ. ‘ನಮ್ಮಲ್ಲಿ ತಂಪು, ಬಿಸಿಲಿನ ಕಾಟ ಇಲ್ಲ’ ಅನ್ನುವವರು ಇದನ್ನು ಮರೆಯುತ್ತಾರೆ. ತಂಪಿಗೂ ಕಿರಣಕ್ಕೂ ಸಂಬಂಧ ಇಲ್ಲ.

ಕೆರೆಯುವ ಮುಂಚೆ ಒಂದು ಚೂರು ಎತ್ತಿಡಿ

ಪಾಲಿಶ್ ಎದ್ದ ಕೂಡಲೇ ಎಲ್ಲರೂ ಸ್ಯಾಂಡ್ ಪೇಪರ್ ಹಿಡಿಯುತ್ತಾರೆ. ಬೇಡ. ಸಾಕ್ಷಿ ಹೋಗಿಬಿಡುತ್ತದೆ. ಮೊದಲು ಬೆರಳಿನ ಉಗುರಿನಷ್ಟು ಅಗಲದ ಚೂರೊಂದನ್ನು ಬ್ಲೇಡಿನ ತುದಿಯಲ್ಲಿ ಮೆಲ್ಲಗೆ ಎತ್ತಿ. ಬಿಳಿ ಕಾಗದದ ಮೇಲೆ ಮಗುಚಿ ಹಾಕಿ. ಮುಖ ಅಲ್ಲ, ಬೆನ್ನು ನೋಡಬೇಕು. ಮೊಬೈಲ್ ಕ್ಯಾಮೆರಾ ಜೂಮ್ ಮಾಡಿದರೆ ಸಾಕು, ಮಸೂರ ಇದ್ದರೆ ಇನ್ನೂ ಒಳ್ಳೆಯದು.

ಬೆನ್ನಿಗೆ ಕಂದು ಅಥವಾ ಬೂದು ಬಣ್ಣದ ನವಿರು ನಾರು ಅಂಟಿದೆಯೇ? ಪೀಚ್ ಹಣ್ಣಿನ ಸಿಪ್ಪೆಯ ಹಾಗೆ ರೋಮ ರೋಮವಾಗಿದೆಯೇ? ಹಾಗಿದ್ದರೆ ವಾರ್ನಿಶ್ ತನ್ನ ಕೆಲಸ ಮಾಡಿದೆ, ಮರವನ್ನು ಬಿಟ್ಟಿಲ್ಲ. ಮರವೇ ಮರವನ್ನು ಬಿಟ್ಟಿದೆ. ಬೆಳಕಿನ ಏಟು ಇದು. ಅದು ಬಳಿಯುವ ಮುಂಚೆ ಬಿದ್ದಿರಬಹುದು, ಬಳಿದ ಮೇಲೆ ಪಾಲಿಶ್ ಮೂಲಕವೇ ಹೋಗಿರಬಹುದು. ಒಂದೇ ವರ್ಷದೊಳಗೆ ಎದ್ದಿದ್ದರೆ ಮೊದಲಿನದು ಎಂದು ನನ್ನ ಅನುಮಾನ. ಎರಡು ಮೂರು ವರ್ಷ ನಿಂತು ಎದ್ದಿದ್ದರೆ ಎರಡನೆಯದು. ನನ್ನ ಬಲಗದದ ಚೂರಿನ ಬೆನ್ನು ಉದ್ದಕ್ಕೂ ನಾರು ನಾರಾಗಿತ್ತು.

ಬೆನ್ನು ಗಾಜಿನ ಹಾಗೆ ನುಣ್ಣಗಿದೆ, ನಾರೇ ಇಲ್ಲ ಅಂದರೆ ಪಾಲಿಶ್ ಹಿಡಿದೇ ಇರಲಿಲ್ಲ. ಇದಕ್ಕೆ ಕಾರಣ ಮೂರ್ನಾಲ್ಕು. ಮರದಲ್ಲಿ ತೇವ ಇತ್ತು. ಅಥವಾ ಹಳೇ ಹೊಳಪಿನ ಪಾಲಿಶ್ ಉಜ್ಜದೆ ಮೇಲೆ ಬಳಿದರು. ಅಥವಾ ಮರವನ್ನು ಕನ್ನಡಿಯ ಹಾಗೆ ನಯ ಮಾಡಿಬಿಟ್ಟರು. ಇಲ್ಲವೇ ತೇಗದ ಎಣ್ಣೆ. ತೇಗದ ಚೇಗಿನಲ್ಲಿ, ಅಂದರೆ ನಡುವಿನ ಗಟ್ಟಿ ಮರದಲ್ಲಿ, ಎಣ್ಣೆ ಅಂಶ ಇದೆ. ಗೆದ್ದಲು ಬಾರದಂತೆ ಕಾಯುವುದರಲ್ಲಿ ಅದಕ್ಕೂ ಪಾಲಿದೆ. ಅದೇ ಎಣ್ಣೆ ವಾರ್ನಿಶ್ ಹಿಡಿಯದ ಹಾಗೂ ಮಾಡುತ್ತದೆ. ಬಳಿಯುವ ಮುಂಚೆ ಥಿನ್ನರ್ ಅಥವಾ ಅಸಿಟೋನ್ ಅದ್ದಿದ ಬಿಳಿ ಬಟ್ಟೆಯಲ್ಲಿ ಒರೆಸಿ ನೋಡಿ. ಬಟ್ಟೆ ಹಳದಿಯಾಗುತ್ತದೆ. ಹಳದಿ ಬರುವುದು ನಿಲ್ಲುವ ತನಕ ಬಟ್ಟೆ ಬದಲಿಸಿ ಒರೆಸಬೇಕು. ಒರೆಸಿದ ದಿನವೇ ಪಾಲಿಶ್‌ನ ಮೊದಲ ಕೈ, ಅಂದರೆ ಮೊದಲ ಪದರ, ಬಳಿಯಬೇಕು.

ಇನ್ನೊಂದು ಬಗೆ: ಚೂರು ಎತ್ತಲು ಹೋದರೆ ಬರುವುದೇ ಇಲ್ಲ, ಬೆರಳಿಗೆ ಬಿಳಿ ಪುಡಿ ಅಂಟುತ್ತದೆ. ಇಲ್ಲಿ ಸವೆದಿರುವುದು ಪಾಲಿಶ್. ಬಿಸಿಲಿಗೆ ನಿಲ್ಲದ ಮಾಲು ಬಳಿದಿದ್ದಾರೆ. ಡೆಕ್ ಮೇಲೆ ಎಪಾಕ್ಸಿ ಸುರಿದವರ ಕಥೆ ಹೆಚ್ಚಾಗಿ ಹೀಗೇ. ಎಪಾಕ್ಸಿ ನೀರಿಗೆ ಗಟ್ಟಿ, ಬಿಸಿಲಿಗೆ ಅಲ್ಲ.

ಚೂರು ಸಿಗದಿದ್ದರೆ, ಅಂದರೆ ಪಾಲಿಶ್ ಇನ್ನೂ ಎದ್ದಿಲ್ಲ ಆದರೆ ಅನುಮಾನ ಇದೆ ಅಂದರೆ, ಬ್ಲೇಡಿನಲ್ಲಿ ಸಣ್ಣ ಜಾಲರಿ ಗೀರಿ. ಅದರ ಮೇಲೆ ಗಟ್ಟಿ ಟೇಪ್ ಒತ್ತಿ ಒಂದೇ ಏಟಿಗೆ ಎಳೆಯಿರಿ. ಟೇಪಿನಲ್ಲಿ ಏನು ಬಂತು ಅನ್ನುವುದನ್ನು ಮೇಲಿನ ಹಾಗೇ ಓದಿ. ಬರಿ ಮರದ ಮೇಲೂ ಇದನ್ನು ಮಾಡಬಹುದು. ಟೇಪಿಗೆ ನಾರು ಬಂದರೆ ಆ ಮರ ಇನ್ನೂ ಉಜ್ಜಿಸಿಕೊಳ್ಳಬೇಕು. ಮೂರು ರೂಪಾಯಿಯ ಟೇಪು, ಮೂರು ಸಾವಿರದ ಕೆಲಸ ಉಳಿಸುತ್ತದೆ.

ಎಲ್ಲಿ ಕೆಟ್ಟಿದೆ ಅನ್ನುವುದೂ ಮಾತಾಡುತ್ತದೆ

ಸ್ವಲ್ಪ ಹಿಂದೆ ಸರಿದು ಇಡೀ ಬಾಗಿಲು ನೋಡಿ. ಸೂರಿನ ನೆರಳು ಬೀಳುವ ಮೇಲಿನ ಭಾಗ ಚೆನ್ನಾಗಿದ್ದು, ನೆರಳಿನ ಗೆರೆಯಿಂದ ಕೆಳಗೆ ಕೆಟ್ಟಿದ್ದರೆ ಬೆಳಕೇ ಕಾರಣ. ಕೆಲವು ಬಾಗಿಲಲ್ಲಿ ಈ ಗೆರೆ ಸ್ಕೇಲ್ ಇಟ್ಟು ಎಳೆದ ಹಾಗೆ ಇರುತ್ತದೆ. ಕೊಡವ ಕುಟುಂಬಗಳ ಹಳೇ ಮೂಲಮನೆ, ಅಂದರೆ ಐನ್‌ಮನೆಗಳ ಜಗುಲಿಯಲ್ಲಿ ಕಂಬಗಳ ನಡುವೆ ಕೂರಲು ಹಾಕಿದ ಐಮರ ನೋಡಿದ್ದೀರಲ್ಲ. ಅದಕ್ಕೆ ಯಾವ ಪಿ.ಯು. (ಪಾಲಿಯುರೆಥೇನ್ ಪಾಲಿಶ್) ಬಳಿದಿದ್ದರು? ಮುಂದಕ್ಕೆ ಚಾಚಿದ ಸೂರು ಅದಕ್ಕೆ ಬಿಸಿಲು, ಎರಚಲು ಎರಡನ್ನೂ ತಾಗಿಸಲಿಲ್ಲ. ಈಗಿನ ಹೋಂಸ್ಟೇಗಳಿಗೆ ಎರಡು ಅಡಿ ಸೂರೂ ಇಲ್ಲ, ‘ವ್ಯೂ’ ಬೇಕಂತೆ. ಅಂಥ ಗೋಡೆಯಲ್ಲಿ ಕ್ಲಿಯರ್ ಪಾಲಿಶ್ ನಿಲ್ಲಲಿ ಅನ್ನುವುದು ದುರಾಸೆ.

ನಮ್ಮ ಮುಂಗಾರು ಬೀಸುವುದು ನೈಋತ್ಯದಿಂದ. ಆದ್ದರಿಂದ ಪಡುವಣ ಮತ್ತು ತೆಂಕಣ ಗೋಡೆಗಳಿಗೆ ಮಧ್ಯಾಹ್ನದ ಬಿಸಿಲೂ ಬೀಳುತ್ತದೆ, ಎರಚಲೂ ಬೀಳುತ್ತದೆ. ಅದೇ ಪಾಲಿಶ್ ಬಡಗಣ ಕಿಟಕಿಗೆ ಐದು ವರ್ಷ ನಿಂತು ಪಡುವಣದಲ್ಲಿ ಒಂದೂವರೆ ವರ್ಷಕ್ಕೆ ಹೋದರೆ ಯಾರೂ ಮೋಸ ಮಾಡಿಲ್ಲ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿ.ಮೀ. ದಾಟಿ ಮಳೆ. ಕುಶಾಲನಗರದ ಕಡೆ ಅದರ ಮೂರನೇ ಒಂದು ಪಾಲಿನಷ್ಟು. ‘ಕುಶಾಲನಗರದ ಭಾವನ ಮನೆಯಲ್ಲಿ ನಿಂತಿದೆ, ನಮ್ಮಲ್ಲಿ ಯಾಕಿಲ್ಲ’ ಅಂತ ಕೇಳುವವರಿಗೆ ನನ್ನ ಉತ್ತರ ಇದು.

ಬಾಗಿಲಿನ ಕೆಳ ಅಂಚು, ಕಿಟಕಿ ಚೌಕಟ್ಟಿನ ಮೂಲೆ, ರೇಲಿಂಗ್ ಕಂಬದ ತಲೆ, ಇಂಥ ಕಡೆ ಶುರುವಾಗಿ ಮೇಲಕ್ಕೆ ಹತ್ತಿದ್ದರೆ ನೀರು ಕಾರಣ. ಮರದ ಕಡಿದ ತುದಿ ಸ್ಟ್ರಾಗಳ ಕಟ್ಟಿನ ಹಾಗೆ. ಅಗಲದ ಮುಖಕ್ಕಿಂತ ಎಷ್ಟೋ ಪಟ್ಟು ಬೇಗ ನೀರು ಎಳೆಯುತ್ತದೆ. ಬಾಗಿಲು ಕೂರಿಸಿದ ಮೇಲೆ ಪಾಲಿಶ್ ಮಾಡುವವರು ಕೆಳ ಅಂಚಿಗೆ ಬಳಿಯುವುದೇ ಇಲ್ಲ. ಕಾಣುವುದಿಲ್ಲವಲ್ಲ! ಕೆಳಗೆ ಸಣ್ಣ ಕನ್ನಡಿ ತೂರಿಸಿ ನೋಡಿ. ಹತ್ತರಲ್ಲಿ ಎಂಟು ಬಾಗಿಲಿಗೆ ಅಲ್ಲಿ ಬರಿ ಮರ ಕಾಣುತ್ತದೆ ಎಂದು ಪಂಥ ಕಟ್ಟಲೂ ತಯಾರು.

ಹಲಗೆಯ ಉದ್ದಕ್ಕೆ ಕೂದಲಿನಂಥ ಬಿರುಕು ಬಿದ್ದು, ಬಿರುಕಿನ ಎರಡೂ ಬದಿ ಪಾಲಿಶ್ ಎದ್ದಿದ್ದರೆ ಮರದ ಅಲುಗಾಟ. ಗಾಳಿಯ ತೇವ ಶೇ. 50 ಇದ್ದಾಗ ಮರದಲ್ಲಿ ತೇವ ಶೇ. 9ರ ಸುಮಾರು ನಿಲ್ಲುತ್ತದೆ. ಕಕ್ಕಡದ (ಜುಲೈ–ಆಗಸ್ಟ್‌ನ ಕೊಡವ ತಿಂಗಳು) ಮಳೆಯಲ್ಲಿ ಗಾಳಿ ಶೇ. 90 ತೇವ ಹೊತ್ತು ವಾರಗಟ್ಟಲೆ ನಿಂತರೆ ಮರ ಶೇ. 20ಕ್ಕೆ ಹೋಗುತ್ತದೆ, ಒಂದು ಹನಿ ತಾಗದಿದ್ದರೂ. ಒಂದು ಅಡಿ ಅಗಲದ ತೇಗದ ಹಲಗೆ, ತೇವ ಶೇ. 8ರಷ್ಟು ಏರಿದರೆ, ಅಡ್ಡಕ್ಕೆ ನಾಲ್ಕೂವರೆ ಮಿ.ಮೀ. ತನಕ ಹಿಗ್ಗಬಹುದು. ತೇಗ ಕಡಿಮೆ ಅಲುಗುವ ಮರ, ಅದರ ಪಾಡೇ ಇದು. ಮೆಲಮೈನ್‌ನಂಥ ಗಡಸು ಪಾಲಿಶ್ ಅಷ್ಟು ಎಳೆತಕ್ಕೆ ಬಗ್ಗುವುದಿಲ್ಲ, ಒಡೆಯುತ್ತದೆ. ಒಡೆದ ಕಡೆಯಿಂದ ನೀರು, ನೀರಿನ ಹಿಂದೆ ಬೂಷ್ಟು.

ಕಪ್ಪು ಎಲ್ಲಾ ಒಂದೇ ಕಪ್ಪಲ್ಲ

ಪಾಲಿಶ್ ಕೆಳಗೆ ಕಪ್ಪು ಕಲೆ ಕಂಡರೆ ಜನ ‘ಮರ ಕೊಳೆಯಿತು’ ಅಂತಾರೆ. ಹೆಚ್ಚಿನ ಸಲ ಇಲ್ಲ. ಕಲೆಯ ಮೇಲಿನ ಪಾಲಿಶ್ ಕೆರೆದು ಬರಿ ಮರ ತೋರಿಸಿ. ಬಟ್ಟೆ ಬಿಳಿ ಮಾಡುವ ಬ್ಲೀಚ್ ಒಂದು ಹನಿ ಹಾಕಿ. ಒಂದೆರಡು ನಿಮಿಷದಲ್ಲಿ ಕಪ್ಪು ಮಾಸಿದರೆ ಬೂಷ್ಟು. ಏನೂ ಆಗದಿದ್ದರೆ ಕಬ್ಬಿಣ ಅಥವಾ ಬರಿ ಧೂಳು, ಮಣ್ಣು.

ಕಬ್ಬಿಣದ ಕಲೆ ನೀಲಿಗಪ್ಪು. ಮೊಳೆ, ತಿರುಪು, ಕೀಲಿನ ಸುತ್ತ ಶಾಯಿ ಚೆಲ್ಲಿದ ಹಾಗೆ ಹರಡಿರುತ್ತದೆ. ಮರದ ಒಗರು, ಅಂದರೆ ಟ್ಯಾನಿನ್, ತೇವದಲ್ಲಿ ಕಬ್ಬಿಣದ ಜೊತೆ ಸೇರಿದರೆ ಹೀಗೆ. ಹಿಂದೆ ಶಾಯಿ ಮಾಡುತ್ತಿದ್ದದ್ದೇ ಹೀಗೆ. ಮೊಳೆಯೇ ಇಲ್ಲದ ಕಡೆ ಮೆಣಸಿನ ಪುಡಿ ಎರಚಿದ ಹಾಗೆ ಚುಕ್ಕಿ ಇದ್ದರೆ, ಯಾರೋ ಸ್ಟೀಲ್ ವೂಲ್‌ನಲ್ಲಿ ಉಜ್ಜಿದ್ದಾರೆ. ಅದರ ಚೂರುಗಳು ಮರದಲ್ಲೇ ಉಳಿದು ತುಕ್ಕು ಹಿಡಿದಿವೆ. ಇದಕ್ಕೆ ಆಕ್ಸಾಲಿಕ್ ಆಸಿಡ್ ಮದ್ದು. ಒಂದು ಲೀಟರ್ ಬಿಸಿನೀರಿಗೆ 50 ಗ್ರಾಂ ಕರಗಿಸಿ ಬ್ರಷ್ಷಿನಲ್ಲಿ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಚೆನ್ನಾಗಿ ತೊಳೆಯಬೇಕು. ಅದು ವಿಷ, ಕೈಗವಸು ಬೇಕೇ ಬೇಕು. ಇನ್ನೊಂದು ಮಾತು ದಪ್ಪ ಅಕ್ಷರದಲ್ಲಿ ಬರೆದುಕೊಳ್ಳಿ: ಬ್ಲೀಚ್ ಮತ್ತು ಆಸಿಡ್ ಯಾವತ್ತೂ ಸೇರಬಾರದು. ಕ್ಲೋರಿನ್ ಗಾಳಿ ಏಳುತ್ತದೆ, ಉಸಿರು ಕಟ್ಟುತ್ತದೆ. ಬ್ಲೀಚ್ ಪರೀಕ್ಷೆ ಇವತ್ತು ಮಾಡಿದರೆ, ಆ ಜಾಗ ನೀರಲ್ಲಿ ತೊಳೆದು, ಆಸಿಡ್ ನಾಳೆಗೆ ಇಟ್ಟುಕೊಳ್ಳಿ.

ಬೂಷ್ಟಿನ ಹಿಂದೆ ಹಲವು ಸಲ ಎಣ್ಣೆ ಇರುತ್ತದೆ. ‘ನ್ಯಾಚುರಲ್’ ಎಂದು ಅಗಸೆ ಎಣ್ಣೆ ಬರಿ ಬರಿ ಹಚ್ಚುತ್ತಾರೆ. ಬಯಲುಸೀಮೆಯಲ್ಲಿ ಸರಿ. ನಮ್ಮ ಮಳೆಗಾಲದಲ್ಲಿ ಅದು ಬೂಷ್ಟಿಗೆ ಊಟ. ಹಚ್ಚಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಲೂಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ನೀರಲ್ಲಿ ಅದ್ದಿ ಬಿಡಿಸಿ ಒಣಹಾಕಿ.

ಇನ್ನು ನಿಜವಾದ ಕೊಳೆ. ಸ್ಕ್ರೂಡ್ರೈವರ್ ತುದಿ ಒತ್ತಿದರೆ ರೊಟ್ಟಿಗೆ ಹೋದ ಹಾಗೆ ಒಳಗೆ ಹೋಗುತ್ತದೆ. ತೋಟದ ಸಿಲ್ವರ್ ಓಕ್ ಕೊಯ್ಸಿ ಹೊರಗಿನ ರೇಲಿಂಗ್ ಮಾಡಿಸಿ ಕ್ಲಿಯರ್ ಬಳಿದವರ ಮನೆಯಲ್ಲಿ ಇದು ಸಾಮಾನ್ಯ. ಆ ಮರಕ್ಕೆ ಕೊಳೆ ತಡೆಯುವ ಗುಣ ಕಡಿಮೆ. ಪಾಲಿಶ್ ಅದನ್ನು ಕೊಡುವುದೂ ಇಲ್ಲ. ಬಿರುಕಿನಿಂದ ಇಳಿದ ನೀರನ್ನು ಹೊರಗೆ ಆರಲೂ ಬಿಡದೆ ಇನ್ನೂ ಕೆಡಿಸುತ್ತದೆ. ಅಲ್ಲಿ ನಾನು ಪಾಲಿಶ್ ಮಾತು ನಿಲ್ಲಿಸಿ ಮರ ಬದಲಿಸಿ ಅನ್ನುತ್ತೇನೆ.

ಬೆಳ್ಳಗಾಯಿತು, ಹಳದಿಯಾಯಿತು, ಒಣಗುತ್ತಲೇ ಇಲ್ಲ

ಬಳಿದ ಅರ್ಧ ಗಂಟೆಯಲ್ಲೇ ಮಂಜು ಮುಸುಕಿದ ಹಾಗೆ ಬೆಳ್ಳಗಾದರೆ ಗಾಳಿಯ ತೇವ. ಥಿನ್ನರ್ ಬೇಗ ಆರಿ ಮೇಲ್ಮೈ ತಣ್ಣಗಾಗುತ್ತದೆ, ಅದರ ಮೇಲೆ ಇಬ್ಬನಿ ಕೂರುತ್ತದೆ. ಎನ್.ಸಿ. (ನೈಟ್ರೋಸೆಲ್ಯುಲೋಸ್) ಲ್ಯಾಕರ್‌ನಲ್ಲಿ ಜಾಸ್ತಿ. ಮಳೆ ಬರುವ ದಿನ ಬಳಿಯಬೇಡಿ ಅನ್ನುವುದು ಸುಮ್ನೆ ಅಲ್ಲ. ತಿಂಗಳುಗಳ ನಂತರ, ನೀರು ತಾಗಿದ ಕಡೆ ಮಾತ್ರ ಬೆಳ್ಳಗಾದರೆ ಅದು ಅರಗಿನ ಫ್ರೆಂಚ್ ಪಾಲಿಶ್. ಒಳಗಿನ ಕುರ್ಚಿಗೆ ಅದರಷ್ಟು ಚೆಂದ ಇನ್ನೊಂದಿಲ್ಲ, ಹೊರಗಿನ ಬಾಗಿಲಿಗೆ ಬೇಡ.

ಪಾಲಿಶ್ ಗಟ್ಟಿಯಾಗಿದ್ದೂ ಹಳದಿಗೆ ತಿರುಗಿದರೆ ಪಿ.ಯು.ದ ಜಾತಿ ನೋಡಿ. ಅರೊಮ್ಯಾಟಿಕ್ ಪಿ.ಯು. ಬಿಸಿಲಿಗೆ ಹಳದಿಯಾಗುತ್ತದೆ, ಅದು ಮನೆಯೊಳಗಿನದು. ಹೊರಗೆ ಅಲಿಫ್ಯಾಟಿಕ್ ಬೇಕು. ಡಬ್ಬದ ಮೇಲೆ ‘ಎಕ್ಸ್‌ಟೀರಿಯರ್’ ಎಂದು ಇದೆಯೇ ನೋಡಿ, ಇಲ್ಲದಿದ್ದರೆ ಅಂಗಡಿಯವರನ್ನು ಇದೇ ಪದ ಬಳಸಿ ಕೇಳಿ. ಮೂರು ದಿನವಾದರೂ ಅಂಟಂಟು ಅಂದರೆ ತೇಗದ ಅಥವಾ ಬೀಟೆಯ ಎಣ್ಣೆ ಅಡ್ಡ ಬಂದಿದೆ, ಇಲ್ಲವೇ ಪಾಲಿಶ್ ಗಟ್ಟಿಯಾಗಲು ಬೆರೆಸುವ ಹಾರ್ಡ್‌ನರ್ ಅಳತೆ ತಪ್ಪಿದೆ. ಕಣ್ಣಳತೆಯಲ್ಲಿ ಬೆರೆಸುವ ಪಾಲಿಶ್‌ನವರು ಇನ್ನೂ ಇದ್ದಾರೆ.

ದುಬಾರಿ ‘ಬದಲಿಸಿದ’ ಮರವೂ ಬೂದಾದಾಗ

ಇತ್ತೀಚೆಗೆ ರೆಸಾರ್ಟ್‌ಗಳು ರಾಸಾಯನಿಕದಿಂದಲೋ ಶಾಖದಿಂದಲೋ ಗುಣ ಬದಲಿಸಿದ ಮರವನ್ನು ಹೊರಗಿನಿಂದ ತರಿಸಿ ಹಾಕುತ್ತಿವೆ. ಅದರಲ್ಲಿ ಮೂರು ಜಾತಿ ಗೊತ್ತಿರಬೇಕು. ಒಂದು, ಅಸಿಟಿಲೇಷನ್ ಮಾಡಿದ್ದು. ಮರದ ಕಣಗಳಲ್ಲಿ ನೀರನ್ನು ಹಿಡಿಯುವ ಹೈಡ್ರಾಕ್ಸಿಲ್ ಕೊಂಡಿಗಳಿವೆ. ಅಸಿಟಿಕ್ ಅನ್‌ಹೈಡ್ರೈಡ್ ಜೊತೆ ಕಾಯಿಸಿದರೆ ಆ ಕೊಂಡಿಗಳ ಜಾಗದಲ್ಲಿ ಅಸಿಟೈಲ್ ಗುಂಪು ಕೂರುತ್ತದೆ. ಒಣ ಮರದ ತೂಕ ಶೇ. 20ರಷ್ಟು ಏರುತ್ತದೆ, ಹಿಗ್ಗು ಕುಗ್ಗು ಕಾಲು ಭಾಗದ ಹತ್ತಿರಕ್ಕೆ ಇಳಿಯುತ್ತದೆ. ಇದು ಹೊಸದೇನಲ್ಲ. 1946ರಲ್ಲೇ ಅಮೆರಿಕದ ಮ್ಯಾಡಿಸನ್‌ನ ಫಾರೆಸ್ಟ್ ಪ್ರಾಡಕ್ಟ್ಸ್ ಲ್ಯಾಬೊರೇಟರಿಯಲ್ಲಿ ಮಾಡಿ ತೋರಿಸಿದ್ದರು. ದೊಡ್ಡ ಮಟ್ಟದಲ್ಲಿ ಮಾರುಕಟ್ಟೆಗೆ ಬಂದದ್ದು 2007ರಲ್ಲಿ, ನೆದರ್ಲೆಂಡ್ಸ್‌ನ ಆರ್ನೆಮ್‌ನಿಂದ, ಅಕೋಯಾ ಎಂಬ ಹೆಸರಲ್ಲಿ. ಎರಡು, ಫರ್ಫ್ಯೂರಿಲ್ ಆಲ್ಕೊಹಾಲ್ ತುಂಬಿಸಿದ್ದು, ನಾರ್ವೆಯ ಕೆಬೊನಿ ಇದೇ. ಮೂರು, ಏನೂ ಸೇರಿಸದೆ 180 ಡಿಗ್ರಿಯಿಂದ 230 ಡಿಗ್ರಿ ತನಕ ಹುರಿದದ್ದು, ಥರ್ಮೋ ಮರ. ಕಾಫಿ ಹುರಿದ ಹಾಗೆ ಬಣ್ಣವೂ ಬರುತ್ತದೆ.

ಒಂದು ರೆಸಾರ್ಟ್‌ನವರು ಸಿಟ್ಟಿನಲ್ಲಿ ಕರೆದಿದ್ದರು. ‘ಇಷ್ಟು ದುಡ್ಡು ಸುರಿದ ಮರವೂ ಬೂದಾಯಿತು, ಮೋಸ.’ ಹೋಗಿ ನೋಡಿದೆ. ಸಣ್ಣ ತುಂಡು ಕೊಯ್ದು ಮೂಗಿನ ಹತ್ತಿರ ಹಿಡಿದೆ. ಸಣ್ಣಗೆ ವಿನೆಗರ್ ವಾಸನೆ. ಅಸಿಟಿಲೇಷನ್ ಮರವೇ, ಮಾಲು ಸಾಚಾ. ಸ್ಕ್ರೂಡ್ರೈವರ್ ಒತ್ತಿದೆ, ಗಟ್ಟಿ. ಜಾಯಿಂಟ್ ಒಂದೂ ಬಿಟ್ಟಿಲ್ಲ. ಮೇಲ್ಮೈ ಮಾತ್ರ ಬೂದು. ಅವರಿಗೆ ಯಾರೂ ಹೇಳದಿದ್ದ ಮಾತು ಇದು: ಈ ಬದಲಾವಣೆ ನೀರಿನ ವಿರುದ್ಧ, ಕೊಳೆಯ ವಿರುದ್ಧ. ಬೆಳಕಿನ ವಿರುದ್ಧ ಅಲ್ಲ. ಲಿಗ್ನಿನ್ ಅಲ್ಲೇ ಇದೆ, ಬಿಸಿಲು ಅದನ್ನು ತಿನ್ನುತ್ತಲೇ ಇದೆ. ಹುರಿದ ಮರದ ಕಂದು ಬಣ್ಣವೂ ಹಾಗೇ ಬಿಸಿಲಿಗೆ ಮಾಸುತ್ತದೆ.

ಹಾಗಾದರೆ ಪ್ರಯೋಜನ ಏನು? ಇದೆ. ಮರ ಅಲುಗದಿದ್ದರೆ ಮೇಲಿನ ಪಾಲಿಶ್ ಒಡೆಯುವುದಿಲ್ಲ. ಅದೇ ಪಾಲಿಶ್ ಇಂಥ ಮರದ ಮೇಲೆ ಜಾಸ್ತಿ ದಿನ ನಿಲ್ಲುತ್ತದೆ. ಅವರು ಮರಕ್ಕೆ ದುಡ್ಡು ಹಾಕಿ ಪಾಲಿಶ್‌ನ ದುಡ್ಡು ಉಳಿಸಿದ್ದರು. ಅಲ್ಲೇ ಕಂಡ ಇನ್ನೊಂದು ತಪ್ಪು, ಸಾಧಾರಣ ಕಬ್ಬಿಣದ ತಿರುಪು. ಮರದಲ್ಲಿ ಉಳಿದ ಚೂರು ಆಸಿಡ್ ಅದನ್ನು ತಿಂದು ತುಕ್ಕು ಹರಿಸಿತ್ತು. ಸ್ಟೇನ್‌ಲೆಸ್ ಸ್ಟೀಲ್ ಬಿಟ್ಟು ಬೇರೆ ಹಾಕಬಾರದು.

ಬೆಳಕಿಗೇ ನಿಲ್ಲುವ ರಾಸಾಯನಿಕ ಬದಲಾವಣೆ ಇಲ್ಲವೇ ಎಂದರೆ, ಇದೆ. ಕ್ರೋಮಿಕ್ ಆಸಿಡ್ ಹಚ್ಚಿದರೆ ಲಿಗ್ನಿನ್ ಗಟ್ಟಿಯಾಗಿ ನಿಲ್ಲುತ್ತದೆ. ಆದರೆ ಅದು ಕ್ಯಾನ್ಸರ್ ತರುವ ವಸ್ತು, ಮರ ಹಸಿರು ಬಣ್ಣಕ್ಕೂ ತಿರುಗುತ್ತದೆ. ಹತ್ತಿರ ಹೋಗಬೇಡಿ. ಬೆಂಜಾಯ್ಲ್ ಕ್ಲೋರೈಡ್‌ನಿಂದ ಬದಲಿಸಿದ ಮೇಲ್ಮೈ ಬಿಸಿಲಿಗೆ ಚೆನ್ನಾಗಿ ನಿಲ್ಲುತ್ತದೆ. ಬೆಂಗಳೂರು ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಇದರ ಮೇಲೆ ಕೆಲಸ ಮಾಡಿದ್ದಾರೆ. ಇವು ಮನೆಯಲ್ಲಿ ಮಾಡುವ ಕೆಲಸ ಅಲ್ಲ. ಯೂಟ್ಯೂಬ್ ನೋಡಿ ಅಸಿಟಿಲೇಷನ್ ಮಾಡುತ್ತೇನೆ ಎಂದು ಹೊರಟ ಒಬ್ಬ ಹುಡುಗನಿಗೆ ಹೇಳಿದ್ದೆ: ಅಸಿಟಿಕ್ ಅನ್‌ಹೈಡ್ರೈಡ್ ಹೆರಾಯಿನ್ ತಯಾರಿಕೆಗೂ ಬಳಕೆಯಾಗುವ ವಸ್ತು, ಮಾದಕ ವಸ್ತು ಕಾಯ್ದೆಯಡಿ ಅದಕ್ಕೆ ನಿಯಂತ್ರಣ ಇದೆ. ಬಾಗಿಲು ಪಾಲಿಶ್ ಮಾಡಲು ಹೋಗಿ ಪೊಲೀಸರಿಗೆ ಉತ್ತರ ಕೊಡಬೇಕಾದೀತು.

ಸರಿ ಮಾಡುವಾಗ

ಕಾರಣ ಸಿಕ್ಕ ಮೇಲೆ ಕೆಲಸ ಕಷ್ಟ ಏನಲ್ಲ, ತಾಳ್ಮೆ ಬೇಕು. ಬೆಳಕಿನ ಏಟು ಬಿದ್ದಿದ್ದರೆ ತೇಪೆ ಹಾಕಬೇಡಿ. ಎದ್ದ ಕಡೆ ಮಾತ್ರ ಕೆರೆದು ಬಳಿದರೆ ಪಕ್ಕದ್ದು ಮುಂದಿನ ವರ್ಷ ಏಳುತ್ತದೆ. ಇಡೀ ಮುಖ ಬರಿ ಮರಕ್ಕೆ ಇಳಿಸಿ. 80ನೇ ನಂಬರ್ ಸ್ಯಾಂಡ್ ಪೇಪರ್, ಆಮೇಲೆ 120. ಅಲ್ಲಿಗೆ ನಿಲ್ಲಿಸಿ. ಬೂದು ಹೋಗಿ ಹೊಸ ಮರದ ಬಣ್ಣ ಬಂದ ಮೇಲೂ ಇನ್ನು ನಾಲ್ಕು ಸಲ ಕೈಯಾಡಿಸಿ, ಆಮೇಲೆ ಟೇಪ್ ಪರೀಕ್ಷೆ. ಚೂಪು ಅಂಚುಗಳನ್ನು ಎರಡು ಮೂರು ಮಿ.ಮೀ. ದುಂಡು ಮಾಡಿ. ಚೂಪು ಅಂಚಿನ ಮೇಲೆ ಪಾಲಿಶ್ ನಿಲ್ಲದೆ ಹರಿದು ತೆಳ್ಳಗಾಗುತ್ತದೆ, ಮೊದಲು ಬಿಡುವುದು ಅಲ್ಲೇ.

ಕಾಲ ಮುಖ್ಯ. ನವೆಂಬರ್–ಡಿಸೆಂಬರ್‌ನ ಸುಗ್ಗಿ ಹಬ್ಬ ಪುತ್ತರಿ ಮುಗಿದ ಮೇಲೆ, ಕಾಫಿ ಹೂವರಳಿಸುವ ಹೂಮಳೆ ಬರುವ ಮುಂಚೆ ನಮಗೆ ಸಿಗುವ ಒಣ ತಿಂಗಳುಗಳೇ ಸರಿ. ಕಾಫಿ ಕೊಯ್ಲಿನ ಕಾಲ, ಆಳು ಸಿಗುವುದಿಲ್ಲ, ಗೊತ್ತು. ಆದರೂ ಅದೇ ಕಾಲ. ತೇವದ ಮೀಟರ್ ಇದ್ದರೆ ಶೇ. 12ರ ಆಸುಪಾಸು ಬರಲಿ. ಮೀಟರ್ ಇಲ್ಲದಿದ್ದರೆ ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪಿನಲ್ಲಿ ಮುಚ್ಚಿ ಒಂದು ದಿನ ಬಿಡಿ. ಒಳಗೆ ಬೆವರು ಕಂಡರೆ ಕಾಯಿರಿ. ಬಿಸಿಲಲ್ಲಿ ಒಣಗಿಸಬೇಡಿ, ನೆರಳಿನಲ್ಲಿ ಗಾಳಿಗೆ ಇಡಿ. ಉಜ್ಜಿದ ಮರ ಪಾಲಿಶ್ ಕಾಣದೆ ಹೊರಗೆ ಒಂದು ವಾರ ಕೂತರೂ ನನಗೆ ನಿದ್ದೆ ಬರುವುದಿಲ್ಲ.

ಯಾವ ಪಾಲಿಶ್? ಇಲ್ಲಿ ನನ್ನ ಮಾತು ಕೆಲವರಿಗೆ ಇಷ್ಟ ಆಗುವುದಿಲ್ಲ. ಪೂರ್ತಿ ಕ್ಲಿಯರ್ ಬೇಡ. ಒಳ್ಳೆಯ ಎಕ್ಸ್‌ಟೀರಿಯರ್ ಪಾಲಿಶ್‌ನಲ್ಲಿ ಎರಡು ಬಗೆಯ ಕಾವಲು ಇರುತ್ತದೆ. ಬೆಂಜೊಟ್ರಯಜೋಲ್, ಟ್ರಯಜಿನ್ ಜಾತಿಯವು ಅಲ್ಟ್ರಾವಯಲೆಟ್ ನುಂಗಿ ಶಾಖವಾಗಿ ಬಿಡುತ್ತವೆ. ಹ್ಯಾಲ್ಸ್ ಅನ್ನುವವು ಬೆಳಕಿನಿಂದ ಹುಟ್ಟುವ ಫ್ರೀ ರ‍್ಯಾಡಿಕಲ್‌ಗಳನ್ನು ಹಿಡಿದು ಕೂರಿಸುತ್ತವೆ. ನುಂಗುವ ಕೆಲಸ ಪದರ ದಪ್ಪ ಇದ್ದಷ್ಟು ಚೆನ್ನಾಗಿ ಆಗುತ್ತದೆ. ಎರಡು ಕೈ ತೆಳ್ಳಗೆ ಬಳಿದು ದುಡ್ಡು ಉಳಿಸಿದರೆ ಕಾವಲುಗಾರ ಅರ್ಧ ಜನ. ನಾಲ್ಕು ಕೈ ಬೇಕು. ಅಷ್ಟಾದರೂ ಕಾಣುವ ಬೆಳಕಿನ ನೇರಳೆ, ನೀಲಿ ಭಾಗ ಒಳಗೆ ಹೋಗಿ ಸ್ವಲ್ಪ ಸ್ವಲ್ಪ ಕೆಡಿಸುತ್ತದೆ. ಅದನ್ನು ತಡೆಯುವುದು ಬಣ್ಣ ಮಾತ್ರ. ಪಾರದರ್ಶಕ ಐರನ್ ಆಕ್ಸೈಡ್ ಬೆರೆಸಿದ ಸ್ಟೇನ್ ಸಿಗುತ್ತದೆ. ಮರದ ಗೆರೆ ಕಾಣುತ್ತದೆ, ಬಣ್ಣ ಮಾತ್ರ ತಿಳಿ ಬೆಲ್ಲದ ಕಾಫಿಯಷ್ಟು. ಅದನ್ನು ಕೆಳಗೆ ಕೊಟ್ಟು ಮೇಲೆ ಕ್ಲಿಯರ್ ಹೊಡೆಯಿರಿ. ಸೂರು ಇಲ್ಲದ ಪಡುವಣ ಗೋಡೆಗೆ, ಡೆಕ್ಕಿಗೆ ನಾನು ಮೇಲಿನ ಕ್ಲಿಯರನ್ನೂ ಬಿಡಿಸಿ, ಮರದೊಳಗೆ ಇಳಿಯುವ ಸ್ಟೇನ್ ಮಾತ್ರ ಕೊಡುತ್ತೇನೆ. ಅದು ಸಿಪ್ಪೆ ಏಳುವುದಿಲ್ಲ, ಮಾಸುತ್ತದೆ. ತೊಳೆದು ಇನ್ನೊಂದು ಕೈ ಕೊಟ್ಟರೆ ಆಯಿತು.

ಮೊದಲ ಕೈ ಸ್ವಲ್ಪ ತೆಳು ಮಾಡಿ. ಆರೂ ಮುಖಕ್ಕೆ ಬಳಿಯಿರಿ, ಬಾಗಿಲು ಕೂರಿಸುವ ಮುಂಚೆ. ಕಡಿದ ತುದಿಗೆ ಎರಡು ಕೈ ಜಾಸ್ತಿ. ಆಮೇಲೆ ಪ್ರತಿ ವರ್ಷ ಮಳೆಗೆ ಮುಂಚೆ, ಮೇ ತಿಂಗಳಲ್ಲಿ, ಒಂದು ಚಮಚ ನೀರು ಚಿಮುಕಿಸಿ ನೋಡಿ. ಕೆಸುವಿನ ಎಲೆಯ ಮೇಲಿನ ಹಾಗೆ ಗುಂಡಗೆ ನಿಂತರೆ ಬಿಡಿ. ಹರಡಿ ಮರ ಕಪ್ಪಾದರೆ ಆ ವಾರವೇ ಸಣ್ಣಗೆ ಉಜ್ಜಿ ಒಂದು ಕೈ. ಪಾಲಿಶ್ ಏಳುವ ಮುಂಚೆ ಕೊಟ್ಟ ಒಂದು ಕೈ ಎದ್ದ ಮೇಲಿನ ನಾಲ್ಕು ಕೈಗೆ ಸಮ.

ನನ್ನ ಬಲಗದ? ಬರಿ ಮರಕ್ಕೆ ಇಳಿಸಿ, ತಿಳಿ ಬಣ್ಣ ಕೊಟ್ಟು, ಮೇಲೆ ನಾಲ್ಕು ಕೈ ಹೊಡೆದೆ. ಎಡಗದಕ್ಕೂ ಅದನ್ನೇ ಮಾಡಬೇಕಾಯಿತು, ಇಲ್ಲದಿದ್ದರೆ ಬಣ್ಣ ಹೊಂದುವುದಿಲ್ಲ ಎಂದು ಮನೆಯಲ್ಲಿ ಜಗಳ. ಮೂರು ಮಳೆಗಾಲ ನಿಂತಿದೆ. ಕೆಳಗಿನ ಅಂಚಿನಿಂದ ಎರಡು ಬೆರಳು ಎತ್ತರಕ್ಕೆ ಮಾತ್ರ ಈ ಸಲ ಕಪ್ಪು ಹತ್ತಿದೆ. ಬ್ಲೀಚ್ ಹನಿಗೆ ಮಾಸಿತು, ಬೂಷ್ಟೇ. ಕನ್ನಡಿ ತೂರಿಸಿ ನೋಡಿದೆ. ಕೀಲು ಬಿಚ್ಚುವ ಸೋಮಾರಿತನದಲ್ಲಿ ಕೆಳ ಅಂಚಿಗೆ ನಾನೂ ಬಳಿದಿರಲಿಲ್ಲ. ಪುತ್ತರಿ ಕಳೆದ ಮೇಲೆ ಬಿಚ್ಚಬೇಕು.